ಅಪ್ಪನ ಕಣ್ಣು ಸರಿ ಇದೆಯಂತೆ, ಆದ್ರೆ ಎಡಗಡೆ ಕಾಣಲ್ಲ

ಗೂಡಿನಮನೆ, ಶಿಡ್ಲಘಟ್ಟ:
ಅಪ್ಪನಿಗೆ ಎರಡು ತಿಂಗಳ ಹಿಂದೆ ಸ್ಟ್ರೋಕ್ ಆಯ್ತು. ಕೈಕಾಲಿಗೆ ಏನೂ ಆಗಿಲ್ಲ. ಮೂವತ್ತು ವರ್ಷ ರೇಷ್ಮೆ ನೂಲು ತೆಗೆದ ಮನುಷ್ಯ, ಈಗ ತಟ್ಟೆಯ ಬಲಗಡೆ ಇರೋ ಮುದ್ದೆ ಮುರೀತಾ, ಎಡಗಡೆ ಬಟ್ಟಲಲ್ಲಿ ಬಸ್ಸಾರು ಇದ್ರೂ "ಸಾರೆಲ್ಲೇ?" ಅಂತಾರೆ. ಕನ್ನಡಕದ ಅಂಗಡಿಯವನು ಎರಡೂವರೆ ಸಾವಿರ ಕಿತ್ಕೊಂಡು ಹೊಸ ಗ್ಲಾಸ್ ಹಾಕಿದ, ಪ್ರಯೋಜನ ಇಲ್ಲ. ಯಾವ ಕಣ್ಣು ಮುಚ್ಚಿದ್ರೂ ಎಡಭಾಗವೇ ಮಾಯ. ನಿಂತ ಸ್ಕೂಟರ್‌ಗೆ ಗುದ್ದುತ್ತಾರೆ, ಅದೇ ಕಡೆಯಿಂದ ಬೈಕ್ ಬಂದ್ರೆ ತಟ್ಟನೆ ಸರೀತಾರೆ! ಅಮ್ಮ "ಎಲ್ಲಾ ನಾಟಕ" ಅಂತಾಳೆ.

ಮಾವಿನತೋಪು:
ಪೊರೆ ಇರ್ಬೇಕು, ಆಪರೇಷನ್ ಮಾಡಿಸಿ.

ಚಿಂತಾಮಣಿ ಫಿಜಿಯೋ:
ಪೊರೆ ಅಲ್ಲ ಮಾರಾಯ್ರೆ, ಪೊರೆ ಬಂದ್ರೆ ಆ ಕಣ್ಣು ಪೂರ್ತಿ ಮಂಜಾಗುತ್ತೆ. ಎರಡೂ ಕಣ್ಣಿಂದ ಬರೋ ನರಗಳಲ್ಲಿ ಮೂಗಿನ ಕಡೆಯ ಅರ್ಧ ಮಿದುಳಿನ ಬುಡದಲ್ಲಿ ದಾಟಿ ಆಚೆ ಬದಿಗೆ ಹೋಗುತ್ತವೆ. ಹಾಗಾಗಿ ಎಡಗಡೆಯ ನೋಟವೆಲ್ಲ, ಯಾವ ಕಣ್ಣಿಂದ ಬಂದ್ರೂ, ತಲೆಯ ಹಿಂಭಾಗದ ಬಲ ಕಾರ್ಟೆಕ್ಸ್‌ಗೇ (ಮಿದುಳಿನ ಹೊರಪದರ) ಸೇರುತ್ತೆ. ಅಲ್ಲಿಗೆ ರಕ್ತ ಹರಿಯೋದು ನಿಂತಿರಬೇಕು. ಗಮನ ತಪ್ಪೋದು ಬೇರೆ, ಕಾಣದಿರೋದು ಬೇರೆ. ಯಾವುದು ಅಂತ ತಿಳಿಯೋಕೆ, ಸುತ್ತ ಎಲ್ಲೆಲ್ಲಿ ಕಾಣುತ್ತೆ ಅಂತ ನೋಡೋ ಫೀಲ್ಡ್ ಟೆಸ್ಟ್ ಮಾಡಿಸಿ, ನರರೋಗ ಡಾಕ್ಟರಿಗೆ ತೋರಿಸಿ.

ಬೈಕ್ ವಿಷಯ ನಾಟಕ ಅಲ್ಲ. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂದೆ ಗಾಯವಾದ ಸೈನಿಕರಲ್ಲಿ ರಿಡಾಕ್ ಅನ್ನೋ ವೈದ್ಯ ಇದನ್ನೇ ಕಂಡು 1917ರಲ್ಲಿ ಬರೆದಿದ್ದ. ನಿಂತ ವಸ್ತು ಕಾಣದು, ಅಲುಗಾಡಿದ್ದು ಗೊತ್ತಾಗುತ್ತೆ. ಕಾರ್ಟೆಕ್ಸ್‌ನಲ್ಲಿ ನೋಟ ಮೊದಲು ತಲುಪೋ ವಿ1 ಅನ್ನೋ ಭಾಗ ಕೆಟ್ಟರೂ, ಚಲನೆ ನೋಡೋ ವಿ5 ಅನ್ನೋ ಇನ್ನೊಂದು ಭಾಗಕ್ಕೆ ಸಣ್ಣ ಒಳದಾರಿಗಳಿವೆ.

ಮಾವಿನತೋಪು:
ಹಾಗಾದ್ರೆ ಮಿದುಳು ಫೋಟೋ ಥರ ನೋಡಲ್ವಾ?

ಚಿಂತಾಮಣಿ ಫಿಜಿಯೋ:
ಇಲ್ಲ. ಹ್ಯೂಬೆಲ್, ವೀಸೆಲ್ ಅಂತ ಇಬ್ರು ವಿಜ್ಞಾನಿಗಳು ಬೆಕ್ಕಿನ ವಿ1 ಕೋಶಕ್ಕೆ ಚುಕ್ಕೆ ತೋರಿಸಿ ತೋರಿಸಿ ಸುಸ್ತಾಗಿದ್ರು. ಗಾಜಿನ ಸ್ಲೈಡ್ ತೂರಿಸುವಾಗ ಅದರ ಅಂಚಿನ ನೆರಳು ಸರೀತು ನೋಡಿ, ಕೋಶ ಪಟಪಟ ಅಂತ ಸಂಕೇತ ಕಳಿಸೋಕೆ ಶುರು ಮಾಡ್ತು! ಒಂದೊಂದು ಕೋಶಕ್ಕೆ ಒಂದೊಂದು ಓರೆಯ ಗೆರೆ ಬೇಕು. 1981ರಲ್ಲಿ ನೊಬೆಲ್ ಬಂತು.

ಗೂಡಿನಮನೆಯವರೇ, ಸಾರಿನ ಬಟ್ಟಲು ಎಡಗಡೆಯೇ ಇಡಿ, ತಲೆ ತಿರುಗಿಸಿ ಹುಡುಕೋದು ರೂಢಿಯಾಗ್ಲಿ. ಗಾಡಿ ಮಾತ್ರ ಕೊಡ್ಬೇಡಿ. ಗೂಡು ಬೇಯಿಸೋ ಕುದಿನೀರಿನ ಹತ್ರವೂ ಬಿಡ್ಬೇಡಿ.

ಗೂಡಿನಮನೆ, ಶಿಡ್ಲಘಟ್ಟ:
ಅಮ್ಮನಿಗೆ ಓದಿ ಹೇಳಿದೆ, ಸುಮ್ಮನಾದಳು. "ಎಡಗಡೆ ರಾಟೆ ತಿರುಗಿದ್ರೆ ಇದೆ ಅನ್ಸುತ್ತೆ, ನಿಂತ್ರೆ ಗೋಡೆ" ಅಂತ ಅಪ್ಪ ಹೋದ ವಾರವೇ ಅಂದಿದ್ರು. ನಾವ್ಯಾರೂ ಕಿವಿಗೆ ಹಾಕ್ಕೊಂಡಿರ್ಲಿಲ್ಲ.