ಎರೆಮಣ್ಣಿಗೆ ಆಮ್ಲ ಹಾಕಿದರೂ ಎಣ್ಣೆ ತಿಳಿಯಾಗುತ್ತಿಲ್ಲ, ಯಾಕೆ?

ಪ್ರಶ್ನೆ (ದಾವಣಗೆರೆ): ಎಂ.ಎಸ್ಸಿ ಪ್ರಾಜೆಕ್ಟ್. ಎಣ್ಣೆಯ ಬಣ್ಣ ಹೀರುವ ಜೇಡಿ ಮಾಡಲು ಹೊಲದ ಎರೆಮಣ್ಣನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ 12 ಗಂಟೆ ಕಾಯಿಸಿ, ಚಳ್ಳಕೆರೆಯ ಗಾಣದ ಶೇಂಗಾ ಎಣ್ಣೆಗೆ ಹಾಕಿದೆ. ಬಣ್ಣ ಇಳಿಯಲಿಲ್ಲ, ಮಣ್ಣಿನ ಮೇಲ್ಮೈ ವಿಸ್ತೀರ್ಣವೂ ಏರಿಲ್ಲ. ತಪ್ಪೆಲ್ಲಿ?

ಉತ್ತರ 1: ಆಮ್ಲ ಬಿದ್ದಾಗ ನೊರೆ ಎದ್ದಿತಾ? ಹಾಗಿದ್ದರೆ ಸುಣ್ಣದ ಹರಳು ಉಳಿದಿದೆ. ಅದು ಆಮ್ಲವನ್ನೂ ತಿನ್ನುತ್ತದೆ, ಜಿಪ್ಸಂ ಆಗಿ ರಂಧ್ರದೊಳಗೂ ಕೂರುತ್ತದೆ. ಮೊದಲು ಜರಡಿ ಹಿಡಿಯಿರಿ. ಉಳಿದ ಸುಣ್ಣಕ್ಕೆ ಪಿಎಚ್ 5ರ ಅಸಿಟೇಟ್ ಬಫರ್ (ಆಮ್ಲತೆ ಬದಲಾಗದಂತೆ ಹಿಡಿದಿಡುವ ಸೌಮ್ಯ ದ್ರಾವಣ) ಹಾಕಿ, ನೊರೆ ನಿಲ್ಲುವವರೆಗೆ ಬಿಸಿ ಮಾಡಿ, ಚೆನ್ನಾಗಿ ತೊಳೆಯಿರಿ. ತೊಳೆಯದಿದ್ದರೆ ಮಣ್ಣು ಒಡೆದ ಹಾಲಿನ ಹಾಗೆ ಗಂಟುಗಟ್ಟಿ ತಳ ಸೇರುತ್ತದೆ, ಜೇಡಿ ಬೇರೆಯಾಗುವುದೇ ಇಲ್ಲ. ಆಮೇಲೆ ಬಟ್ಟಿ ಇಳಿಸಿದ ನೀರಲ್ಲಿ ಕದಡಿ 8 ಗಂಟೆ ಅಲುಗಿಸದೆ ಬಿಟ್ಟು, ಮೇಲಿನ 10 ಸೆಂ.ಮೀ. ಮಾತ್ರ ತೆಗೆಯಿರಿ. 2 ಮೈಕ್ರಾನ್‌ಗಿಂತ ಸಣ್ಣ ಕಣ ಅಲ್ಲಿರುತ್ತದೆ.

ಉತ್ತರ 2: ಸುಣ್ಣದ ಮಾತು ಸರಿ, ಆದರೆ 12 ಗಂಟೆಯೂ ಅತಿಯಾಯಿತು. ಎರೆಯ ಸ್ಮೆಕ್ಟೈಟ್‌ನಲ್ಲಿ (ನೀರು ಕುಡಿದು ಉಬ್ಬುವ, ಪದರ ಪದರದ ಜೇಡಿ ಖನಿಜ) ಆಮ್ಲ ಮೊದಲು ಪದರಗಳ ನಡುವಿನ ಕ್ಯಾಲ್ಸಿಯಂ, ಸೋಡಿಯಂ ಹೊರಹಾಕುತ್ತದೆ. ಬಳಿಕ ಪದರದೊಳಗಿನ ಮೆಗ್ನೀಸಿಯಂ, ಕಬ್ಬಿಣ, ಅಲ್ಯೂಮಿನಿಯಂ ಅಂಚಿನಿಂದ ಕರಗುತ್ತವೆ. ಅಂಚು ಬಿರಿದು ರಂಧ್ರ ಅಗಲವಾಗುವ ಈ ಹಂತದಲ್ಲೇ ನಿಲ್ಲಿಸಬೇಕು. ಮುಂದುವರಿದರೆ ಹಾಳೆ ಕುಸಿದು ಬರೀ ಸಿಲಿಕಾ ಉಳಿಯುತ್ತದೆ, ಏರಿದ ವಿಸ್ತೀರ್ಣ ಮತ್ತೆ ಇಳಿಯುತ್ತದೆ.

10 ಗ್ರಾಂ ಜೇಡಿ, 100 ಮಿ.ಲೀ. 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, 80 ಡಿಗ್ರಿ. ಗಾಜಿನ ಪಾತ್ರೆ, ಮೇಲೆ ಆವಿಯನ್ನು ತಣಿಸಿ ಮರಳಿಸುವ ಕಂಡೆನ್ಸರ್. ಆಮ್ಲವನ್ನು ನೀರಿಗೆ ಸುರಿಯಿರಿ, ನೀರನ್ನು ಆಮ್ಲಕ್ಕಲ್ಲ. 1, 2, 4, 8 ಗಂಟೆಗೆ ಒಂದೊಂದು ಬೇರೆ ಮಾದರಿ ಮಾಡಿ. ಸೋಸಿದ ನೀರು ಹಳದಿಗೆ ತಿರುಗಿತೆಂದರೆ ಕಬ್ಬಿಣ ಹೊರಬರುತ್ತಿದೆ. ಎಕ್ಸ್‌ರೇ ವಿವರ್ತನೆಯಲ್ಲಿ (ಹರಳಿನ ಪದರಗಳ ಅಂತರ ತೋರಿಸುವ ಪರೀಕ್ಷೆ) ಪದರಗಳ ಜೋಡಣೆಯನ್ನು ಸೂಚಿಸುವ ಮೊದಲ ಶಿಖರ ಪೂರಾ ಮಾಯವಾಗಿದ್ದರೆ ಕೈ ಮೀರಿದೆ ಎಂದರ್ಥ.

ಉತ್ತರ 3: ಚಿತ್ರದುರ್ಗದ ಕಡೆಯ ಕೆಂಪುಮಣ್ಣಿಗೆ ಇದೇ ವಿಧಾನ ಹಚ್ಚಬೇಡಿ. ಅದರಲ್ಲಿ ಉಬ್ಬದ ಜೇಡಿ ಖನಿಜವಾದ ಕೆಯೋಲಿನೈಟ್ ಹೆಚ್ಚಿದ್ದರೆ ಆಮ್ಲ ಹೆಚ್ಚೇನೂ ಮಾಡುವುದಿಲ್ಲ. ಮೊದಲು 700 ಡಿಗ್ರಿಯಲ್ಲಿ ಸುಟ್ಟು, ಹರಳಿನ ಕಟ್ಟು ಸಡಿಲವಾದ ಮೆಟಾಕೆಯೋಲಿನ್ ಮಾಡಿಕೊಂಡರೆ ಆಮ್ಲಕ್ಕೆ ಅಲ್ಯೂಮಿನಿಯಂ ಬಿಡುತ್ತದೆ.

ಉತ್ತರ 2: ತೊಳೆಯುವುದು ಬಿಟ್ಟುಹೋಯಿತು. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿದರೆ ಬಿಳಿ ಕದಡು (ಕ್ಲೋರೈಡ್ ಉಳಿದಿರುವ ಗುರುತು) ಬರದಂತಾಗುವವರೆಗೆ ತೊಳೆಯಿರಿ. ಆಮ್ಲ ಉಳಿದರೆ ಒಣಗುವಾಗ ಸಾಂದ್ರವಾಗಿ ಜೇಡಿಯನ್ನು ಮತ್ತೆ ಕೊರೆಯುತ್ತದೆ, ಎಣ್ಣೆಯ ಆಮ್ಲಾಂಶವೂ ಏರುತ್ತದೆ. ಒಣಗಿಸುವುದು 105 ಡಿಗ್ರಿಯಲ್ಲಿ. ಒಣಗಿದ ಮೇಲೆ ತಿಂಗಳುಗಟ್ಟಲೆ ಇಡಬೇಡಿ: ಪದರದ ಅಲ್ಯೂಮಿನಿಯಂ ತಾನೇ ಹೊರಬಂದು, ಆಮ್ಲದಿಂದ ಪದರಗಳ ನಡುವೆ ಸೇರಿದ ಹೈಡ್ರೋಜನ್ ಜಾಗ ಹಿಡಿಯುತ್ತದೆ, ಅಳತೆ ಬದಲಾಗುತ್ತದೆ.