ಚಿಗರಿ ಬರುವ ಹೊಲಕ್ಕೆ ಡ್ರೋನ್ ಸಿಂಪಡಣೆ ಮಾಡಿಸಬಹುದೇ?

ಪ್ರಶ್ನೆ (ರೈತ, ಬೀದರ್ ತಾಲ್ಲೂಕು): ನಮಸ್ಕಾರ ಮೇಡಂ. ಮೂರು ಎಕರೆ ಮೆಕ್ಕೆಜೋಳ ಹಾಕಿದ್ದೇನೆ, 25 ದಿನದ ಬೆಳೆ. ಸುಳಿಗೆ ಸೈನಿಕ ಹುಳು ಬಿದ್ದಿದೆ. ಸ್ವಸಹಾಯ ಸಂಘದ ತಂಗಿಯೊಬ್ಬಳು ಡ್ರೋನ್‌ನಿಂದ ಔಷಧಿ ಹೊಡೆದುಕೊಡುತ್ತಾಳೆ. ಆದರೆ ಪಡುವಣ ಬದುವಿನಾಚೆ ಹುಲ್ಲುಗಾವಲು, ಅಲ್ಲಿ ದಿನವೂ ಚಿಗರಿಗಳು (ಕೃಷ್ಣಮೃಗಗಳು) ಮೇಯುತ್ತವೆ. ಅವಕ್ಕೆ ತೊಂದರೆಯಾದೀತೇ? ಅದೇ ಡ್ರೋನ್ ಬಿಟ್ಟು ಅವನ್ನು ಓಡಿಸಿಬಿಡು ಎನ್ನುವವರೂ ಇದ್ದಾರೆ.

ಉತ್ತರ (ಕೀಟಶಾಸ್ತ್ರಜ್ಞೆ): ನಮಸ್ಕಾರ ಅಣ್ಣ. ಮೊದಲು ಓಡಿಸುವ ಮಾತು: ದಯವಿಟ್ಟು ಬೇಡ. ತಾಯಿ ಚಿಗರಿ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ಮೇಯಲು ಹೋಗಿರುತ್ತದೆ. ತಲೆಯ ಮೇಲೆ ಗುಂಯ್‌ಗುಡುತ್ತ ಡ್ರೋನ್ ಬಂದರೆ ಹಿಂಡು ಚೆದುರುತ್ತದೆ, ಮರಿ ಅಲ್ಲೇ ಉಳಿಯುತ್ತದೆ. ಬೆದರಿ ಓಡಿದ ಚಿಗರಿ ಆ ಗಾಬರಿಯಿಂದಲೇ ಸಾಯಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಟ್ಟಾಡಿಸುವುದೂ ಬೇಟೆಯೇ; ಕೃಷ್ಣಮೃಗ ಮೊದಲನೆಯ ಅನುಸೂಚಿಯಲ್ಲಿದೆ.

ಇನ್ನು ಹುಳುವಿನ ವಿಷಯ. ಇದು ಅಮೆರಿಕ ಖಂಡದಿಂದ ಬಂದದ್ದು, 2018ರಲ್ಲಿ ನಮ್ಮ ರಾಜ್ಯದಲ್ಲೇ ಭಾರತದಲ್ಲಿ ಮೊದಲು ಕಾಣಿಸಿತು. ಸುಳಿ ಬಿಡಿಸಿ ನೋಡಿ: ಮರದ ಹೊಟ್ಟಿನಂಥ ಹಿಕ್ಕೆ, ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಹೊಲದ ಐದು ಕಡೆ 20 ಗಿಡಗಳಂತೆ ನೂರು ಗಿಡ ಎಣಿಸಿ. ಹತ್ತಕ್ಕಿಂತ ಹೆಚ್ಚು ಗಿಡ ಕೆಟ್ಟಿದ್ದರೆ ಮಾತ್ರ ಔಷಧಿ.

ಡ್ರೋನ್ ಒಳ್ಳೆಯ ಸಾಧನ, ಆದರೆ ಒಂದು ಲೆಕ್ಕ ತಿಳಿದಿರಲಿ. ಕೈಪಂಪಿನಲ್ಲಿ ಎಕರೆಗೆ 200 ಲೀಟರ್ ನೀರಿಗೆ 80 ಗ್ರಾಂ ಶೇ. 5ರ ಇಮಾಮೆಕ್ಟಿನ್ ಬೆಂಜೊಯೇಟ್ ಹಾಕುತ್ತೀರಿ. ಡ್ರೋನ್ ಅಷ್ಟೇ ಔಷಧಿಯನ್ನು ಸುಮಾರು 10 ಲೀಟರ್ ನೀರಿನಲ್ಲಿ ಹೊಡೆಯುತ್ತದೆ. ಅಂದರೆ ಪ್ರತಿ ಹನಿಯೂ ಇಪ್ಪತ್ತು ಪಟ್ಟು ಗಟ್ಟಿ. ಅದು ಗಾಳಿಗೆ ತೇಲಿ ಹುಲ್ಲಿನ ಮೇಲೆ ಬಿದ್ದರೆ ಚಿಗರಿಯ ಬಾಯಿಗೇ ಹೋಗುತ್ತದೆ. ಆದ್ದರಿಂದ ಸಂಜೆ ಹೊಡೆಸಿ. ಹುಳು ಹೊರಬರುವ ಹೊತ್ತು, ಜೇನುನೊಣ ಗೂಡು ಸೇರುವ ಹೊತ್ತು. ಹೊಡೆಯುವ ಮುನ್ನ ಒಂದು ಹಿಡಿ ಒಣ ಮಣ್ಣು ಉದುರಿಸಿ ನೋಡಿ. ಧೂಳು ಪಡುವಣಕ್ಕೆ ಸಾಗಿದರೆ ಆ ದಿನ ಬಿಟ್ಟುಬಿಡಿ. ಬದುವಿನ ಕಡೆಯ ಹತ್ತು ಸಾಲಿಗೆ ಡ್ರೋನ್ ಬೇಡವೇ ಬೇಡ, ಅಲ್ಲಿ ಕೈಪಂಪಿನಿಂದ ಸುಳಿಯೊಳಗೇ ಬಿಡಿ. ಬೀದರಿನಲ್ಲಿ ವಾಯುಪಡೆಯ ನೆಲೆಯಿದೆ, ಹಾರಿಸುವ ಮೊದಲು ನಿಮ್ಮ ಹೊಲ ಕೆಂಪು ವಲಯದಲ್ಲಿದೆಯೇ (ಅನುಮತಿಯಿಲ್ಲದೆ ಡ್ರೋನ್ ಹಾರಿಸಬಾರದ ಜಾಗ) ಎಂದು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಆ ತಂಗಿ ನೋಡಿಕೊಳ್ಳಲಿ.

ಪ್ರಶ್ನೆ: ಅಂಗಡಿಯವರು ತೌಡು, ಬೆಲ್ಲದ ವಿಷ ಪಾಷಾಣ ಹಾಕಲು ಹೇಳಿದರು. ಅದು ಹೇಗೆ ಮೇಡಂ?

ಉತ್ತರ: ಬಲಿತ ಹುಳುವಿಗೆ ಅದು ಕೆಲಸ ಮಾಡುತ್ತದೆ, ಆದರೆ ನಿಮ್ಮ ಹೊಲಕ್ಕೆ ನಾನು ಹೇಳಲಾರೆ. ಬೆಲ್ಲ ಹಾಕಿ ಹುಳಿಯಿಸಿದ ತೌಡು ಹುಳುವಿಗೆ ಮಾತ್ರ ರುಚಿಯೇ? ಚಿಗರಿ ತಿನ್ನುತ್ತದೆ, ನವಿಲು ಕೆದರಿ ತಿನ್ನುತ್ತದೆ, ನಿಮ್ಮ ಎಮ್ಮೆಯೂ ಬಿಡುವುದಿಲ್ಲ.

ಪ್ರಶ್ನೆ: ಎಣಿಸಿದೆ ಮೇಡಂ. ನೂರರಲ್ಲಿ 14 ಗಿಡ. ಹನ್ನೊಂದು ಪಡುವಣ ಬದುವಿನ ಕಡೆಯವೇ.

ಉತ್ತರ: ಹಾಗಾದರೆ ಡ್ರೋನ್‌ಗೆ ಹಣ ಕೊಡುವ ಅಗತ್ಯವೇ ಇಲ್ಲ ಅಣ್ಣ. ಆ ಬದುವಿನ ಕಡೆಗೆ ಸಂಜೆ ಕೈಪಂಪಿನಿಂದ ಸುಳಿಗೆ ಬಿಡಿ. ಐದು ದಿನ ಬಿಟ್ಟು ಮತ್ತೆ ನೂರು ಗಿಡ ಎಣಿಸಿ ಇಲ್ಲಿಯೇ ಬರೆಯಿರಿ.