ಸ್ಟೆಂಟ್ ಹಾಕಿದ ಮೇಲೂ ರಕ್ತದ ಹರಿವು ನಿಧಾನವಾಗಿತ್ತಂತೆ, ಏಕೆ?

ಪ್ರಶ್ನೆ: ಹೋದ ವಾರ ತಂದೆಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದರು. ‘ನಾಳ ತೆರೆಯಿತು, ಆದರೆ ರಕ್ತ ನಿಧಾನವಾಗಿ ಹರಿಯುತ್ತಿತ್ತು, ಔಷಧಿ ಕೊಟ್ಟೆವು’ ಎಂದರು ವೈದ್ಯರು. ಹೀಗೇಕಾಗುತ್ತದೆ? ಈಗ ನಾವೇನು ಗಮನಿಸಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಸ್ಟೆಂಟ್ ಹಾಕುವ ಕೊಠಡಿಯಾದ ಕ್ಯಾಥ್ ಲ್ಯಾಬ್‌ನಲ್ಲಿ ಹನ್ನೊಂದು ವರ್ಷ ಶುಶ್ರೂಷಕಿಯಾಗಿ ದುಡಿದಿದ್ದೇನೆ. ಇದನ್ನು ‘ನೋ ರಿಫ್ಲೋ’ ಎನ್ನುತ್ತಾರೆ. ತೂಬು ಎತ್ತಿದರೂ ಮರಿಗಾಲುವೆಯಲ್ಲಿ ಹೂಳಿದ್ದರೆ ಗದ್ದೆಗೆ ನೀರು ಹತ್ತುವುದಿಲ್ಲವಲ್ಲ, ಹಾಗೆ. ನಾಳ ತೆರೆಯಲು ಅದರೊಳಗೆ ಪುಟ್ಟ ಬಲೂನು ಉಬ್ಬಿಸುವಾಗ ರಕ್ತದ ಹೆಪ್ಪಿನ ಚೂರುಗಳು ಒಡೆದು ಕೆಳಗಿನ ಕೂದಲೆಳೆಯಂಥ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ರಕ್ತವಿಲ್ಲದೆ ಬಳಲಿದ ನಾಳದ ಒಳಗೋಡೆ ಊದಿಕೊಂಡು ದಾರಿ ಇನ್ನಷ್ಟು ಕಿರಿದಾಗುತ್ತದೆ. ಆಗ ಅಡೆನೊಸಿನ್, ನೈಟ್ರೊಪ್ರುಸೈಡ್‌ನಂಥ ನಾಳ ಹಿಗ್ಗಿಸುವ ಔಷಧಿಗಳನ್ನು ಕ್ಯಾತಿಟರ್ ಎಂಬ ತೆಳು ಕೊಳವೆಯ ಮೂಲಕ ಆ ನಾಳಕ್ಕೇ ಬಿಡುತ್ತಾರೆ. ನಿಮ್ಮ ತಂದೆಗೂ ಅಂಥದ್ದನ್ನೇ ಕೊಟ್ಟಿರಬೇಕು. ಹೆಪ್ಪನ್ನು ಮೊದಲೇ ಹೀರಿ ತೆಗೆಯಬಾರದಿತ್ತೇ ಎಂದು ಬಹಳ ಮಂದಿ ಕೇಳುತ್ತಾರೆ. ಒಂದು ಕಾಲಕ್ಕೆ ನಾವೂ ಹಾಗೆಯೇ ನಂಬಿದ್ದೆವು. 2015ರಲ್ಲಿ ಪ್ರಕಟವಾದ, ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ‘ಟೋಟಲ್’ ಅಧ್ಯಯನದಲ್ಲಿ ಎಲ್ಲರಿಗೂ ಹಾಗೆ ಮಾಡುವುದರಿಂದ ಲಾಭ ಕಾಣಲಿಲ್ಲ, ಪಾರ್ಶ್ವವಾಯು ತುಸು ಹೆಚ್ಚೇ ಕಂಡಿತು. ಆದ್ದರಿಂದ ಈಗ ಹೆಪ್ಪು ತೀರಾ ದೊಡ್ಡದಿದ್ದವರಲ್ಲಿ ಮಾತ್ರ ಅದನ್ನು ಯೋಚಿಸುತ್ತಾರೆ. ಹೃದಯದ ಪಂಪಿಂಗ್ ಎಷ್ಟಿದೆ ಎಂದು ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ನೋಡಿ. ಮತ್ತೆ ಯಾವಾಗ ಎಕೋ ಮಾಡಿಸಬೇಕೆಂದು ಮನೆಗೆ ಹೊರಡುವ ಮೊದಲೇ ಕೇಳಿಕೊಳ್ಳಿ.

ಉತ್ತರ: ಚಿಕಿತ್ಸೆ ತಡವಾದಷ್ಟೂ ಈ ತೊಂದರೆ ಹೆಚ್ಚು ಎಂದು ನಮಗೆ ಹೇಳಿದ್ದರು. ಅಮ್ಮನ ಎದೆನೋವನ್ನು ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುಡಿಸುತ್ತಾ ನಾಲ್ಕು ಗಂಟೆ ಕಳೆದೆವು. ಆ ನಾಲ್ಕು ಗಂಟೆಗಳನ್ನು ನೆನೆದರೆ ಇಂದಿಗೂ ಹೊಟ್ಟೆ ಕಿವುಚುತ್ತದೆ. ಕೊನೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಟ್ಟು ಮೈಸೂರಿಗೆ ಕಳುಹಿಸಿದರು. ನಾಳಗಳಲ್ಲಿನ ಅಡಚಣೆ ನೋಡುವ ಆ್ಯಂಜಿಯೋಗ್ರಾಂ ಮರುದಿನ ಆಯಿತು. ದೂರದ ಊರಿನವರೇ, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಈ ಚುಚ್ಚುಮದ್ದು ಉಚಿತ. ನಿಮ್ಮ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆಂದು ಇಂದೇ ವಿಚಾರಿಸಿಟ್ಟುಕೊಳ್ಳಿ.

ಉತ್ತರ: ಮಾತ್ರೆಗಳ ಬಗ್ಗೆ ಎಚ್ಚರವಿರಲಿ. ನನ್ನ ಅಣ್ಣ ಹಲ್ಲು ಕೀಳಿಸಲೆಂದು ಮೂರನೇ ತಿಂಗಳಲ್ಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ತಾನಾಗಿಯೇ ನಿಲ್ಲಿಸಿದ. ಐದನೇ ದಿನ ಸ್ಟೆಂಟ್‌ನೊಳಗೇ ಹೆಪ್ಪುಗಟ್ಟಿ ಮತ್ತೆ ಆಘಾತವಾಯಿತು. ಸಾಮಾನ್ಯವಾಗಿ ಎರಡೂ ಮಾತ್ರೆಗಳು ಒಂದು ವರ್ಷ ಬೇಕು. ಹಲ್ಲಿನ ವೈದ್ಯರಿಗೆ ಮೊದಲೇ ತಿಳಿಸಿ, ಹೃದಯ ತಜ್ಞರನ್ನು ಕೇಳದೆ ಒಂದು ದಿನವೂ ಬಿಡಬೇಡಿ. ಅಣ್ಣ ಈಗ ಮಾತ್ರೆಯ ಡಬ್ಬಿಯನ್ನು ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾನೆ.